ಕುದುರೆ ಒತ್ತಿದರೆ ಬೆಂಕಿ ಎಲ್ಲಿಂದ?

ಪ್ರಶ್ನೆ: ಕೃಷ್ಣದೇವರಾಯನ ಕಾಲದ ಕೋವಿಗಳಿಗೂ ಕುದುರೆ, ಗುರಿ ನೋಡುವ ಸಾಧನ ಇದ್ದವೇ?
– ಓದುಗರೊಬ್ಬರು, ಮಕ್ತಲ್

ಉತ್ತರ: ಇದ್ದವು. ನಿಮ್ಮೂರಿಂದ ಕೃಷ್ಣೆ ದಾಟಿದರೆ ರಾಯಚೂರು. 1520ರಲ್ಲಿ ಕೃಷ್ಣದೇವರಾಯ ಅದಕ್ಕೆ ಹಾಕಿದ ಮುತ್ತಿಗೆಯಲ್ಲಿ, ಅವನ ಪರ ನಿಂತ ಫಿಗೆರೆದೊ ಎಂಬ ಪೋರ್ಚುಗೀಸನ ಕೋವಿಕಾರರು ಗೋಡೆಯ ಮೇಲೆ ತಲೆ ತೋರಿದವರನ್ನು ಹೊಡೆದುರುಳಿಸಿದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಮೇಲಿನವರು ಅಡಗಿದರು, ಕೆಳಗಿದ್ದ ರಾಯನ ಸೈನಿಕರು ನಿರಾತಂಕವಾಗಿ ಗೋಡೆಯ ಕಲ್ಲು ಕಿತ್ತರು.

ಆ ಕಾಲದ್ದು ಬತ್ತಿಯ ಕೋವಿ. ಹಾವಿನಂತೆ ಬಾಗಿದ ಕಬ್ಬಿಣದ ಕೊಕ್ಕೆಯ ತುದಿಗೆ ಕನಲುವ ಬತ್ತಿ. ಕುದುರೆ ಒತ್ತಿದರೆ ಕೊಕ್ಕೆ ಬಾಗಿ, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ಕಿಡಿ ಮುಟ್ಟಿಸುತ್ತಿತ್ತು. ಉರಿ ಸಣ್ಣ ತೂತಿನಿಂದ ಒಳನುಗ್ಗಿ ಗುಂಡು ಹಾರುತ್ತಿತ್ತು. ಮೊದಲಿನ ಕೈಕೋವಿಗೆ ಬತ್ತಿಯನ್ನು ಕೈಯಲ್ಲೇ ಹಿಡಿದು ಮುಟ್ಟಿಸಬೇಕು, ಕಣ್ಣು ಗುರಿಯಿಂದ ತಪ್ಪುತ್ತಿತ್ತು. ಕುದುರೆ ಬಂದದ್ದರಿಂದಲೇ ನಳಿಗೆಯ ಮೂತಿಯ ಗುಬುಟು, ಹಿಂದಿನ ಸೀಳು ಎರಡನ್ನೂ ಒಂದೇ ಗೆರೆಗೆ ತಂದು ನೋಡುವುದಕ್ಕೆ ಅರ್ಥ ಬಂತು. ನನ್ನ ಮಟ್ಟಿಗೆ ನಿಜವಾದ ಜಾಣತನ ಅಲ್ಲಿದೆ. ಮಳೆ ಬಂದರೆ ಮಾತ್ರ ಎಲ್ಲ ವ್ಯರ್ಥ!

ತೋಪನ್ನು ಗುರಿಯತ್ತ ತಿರುಗಿಸುವ ಆನಿಕೆಯ ಕತೆ ಬೇರೆ. ಮುಂದಿನ ದಶಕಗಳಲ್ಲಿ ಬಿಜಾಪುರದವರು ಬುರುಜುಗಳ ಮೇಲೆ ತಿರುಗುವ ಕಬ್ಬಿಣದ ಕವಲು ನೆಟ್ಟು, ತೋಪಿನ ಎರಡು ತೋಳುಗಳನ್ನು ಅದರಲ್ಲಿ ಕೂರಿಸಿದರು. ಆಗ ಭಾರದ ನಳಿಗೆಯನ್ನೂ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೊರಳಿಸಬಹುದಾಯಿತು.