ಗೋಣಿ ಗೊಂಬೆಯ ಉಗ್ರಾಣ

ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಮೀಡಿಯಾ ಮಾಲಿಕ್ಯೂಲ್ ಸಂಸ್ಥೆ 2008ರಲ್ಲಿ ಪ್ಲೇಸ್ಟೇಷನ್ 3ಕ್ಕಾಗಿ ರೂಪಿಸಿದ ವಿಡಿಯೊ ಗೇಮ್ ‘ಲಿಟಲ್ ಬಿಗ್ ಪ್ಲಾನೆಟ್’. ಇದರ ನಾಯಕ ಸ್ಯಾಕ್‌ಬಾಯ್, ಮೈಗೆ ಜಿಪ್ ಹೊಲಿಸಿಕೊಂಡ ಒಂದು ಗೋಣಿ ಗೊಂಬೆ. ಓಡುವುದು, ಜಿಗಿಯುವುದು, ಹಿಡಿದು ಎಳೆಯುವುದು: ಇವನಿಗೆ ಬರುವ ವಿದ್ಯೆ ಹೆಚ್ಚೂಕಡಿಮೆ ಇಷ್ಟೇ. ಆದರೆ ಇವನು ಓಡಾಡುವ ಲೆವೆಲ್‌ಗಳನ್ನು, ಅಂದರೆ ಆಟದ ಒಂದೊಂದು ಹಂತವನ್ನು, ಆಡುವವರೇ ಕಟ್ಟಬಹುದು. ಕಟ್ಟುವ ಸಾಮಗ್ರಿಯ ಬಹುಪಾಲನ್ನು ಮಾತ್ರ ಆಡಿಯೇ ಸಂಪಾದಿಸಬೇಕು.

ದಾರಿಯುದ್ದಕ್ಕೂ ಬಹುಮಾನದ ಗುಳ್ಳೆಗಳಿರುತ್ತವೆ. ಗೊಂಬೆ ತಾಕಿದರೆ ಗುಳ್ಳೆ ಒಡೆದು ಒಳಗಿನ ವಸ್ತು ಪಾಪಿಟ್ ಸೇರುತ್ತದೆ. ಪಾಪಿಟ್ ಎಂದರೆ ಗೊಂಬೆಯ ಪಕ್ಕದಲ್ಲೇ ತೆರೆದುಕೊಳ್ಳುವ ಉಗ್ರಾಣ. ಅಲ್ಲಿಗೆ ಬಂದದ್ದನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಎಲ್ಲ ಗುಳ್ಳೆಗಳೂ ಸುಲಭಕ್ಕೆ ಸಿಗುವುದಿಲ್ಲ. ಕೆಲವಕ್ಕೆ ಇಬ್ಬರು, ಮೂವರು, ನಾಲ್ವರು ಜೊತೆಗೂಡಿ ಆಡಬೇಕು. ಇನ್ನು ಕೆಲವು, ಗೋಡೆಯ ಮೇಲಿನ ಅಚ್ಚಿಗೆ ಸರಿಹೊಂದುವ ಸ್ಟಿಕ್ಕರ್ ಅಂಟಿಸಿದರೆ ಮಾತ್ರ ಹೊರಬರುತ್ತವೆ. ಆ ಸ್ಟಿಕ್ಕರ್ ಎಷ್ಟೋ ಲೆವೆಲ್‌ಗಳಾಚೆ ಸಿಗುವಂಥದ್ದಾದರೆ, ಮುಂದೆ ಹೋದವರು ಅದಕ್ಕಾಗಿಯೇ ಹಿಂದಿರುಗಬೇಕು.

ಇಲ್ಲಿನ ವಸ್ತುಗಳಿಗೆ ತೂಕವಿದೆ. ಥರ್ಮೋಕೋಲ್ ಹಗುರ, ಕಲ್ಲು ಭಾರ, ಗಾಜು ಜಾರುತ್ತದೆ, ಸ್ಪಂಜನ್ನು ಗೊಂಬೆ ಹಿಡಿದೆಳೆಯಬಲ್ಲದು. ಡಾರ್ಕ್ ಮ್ಯಾಟರ್ ಎಂಬ ಕಪ್ಪು ಪದಾರ್ಥವಾದರೋ ಎಲ್ಲಿಟ್ಟರೆ ಅಲ್ಲೇ ನಿಲ್ಲುತ್ತದೆ, ಗಾಳಿಯಲ್ಲಿ ಕೂಡ. ಕಟ್ಟುವಾಗ ಕಾಲವನ್ನು ತಡೆಹಿಡಿಯುವ ಅನುಕೂಲವಿದೆ. ಆಗ ಜೋಡಿಸಿದ್ದೆಲ್ಲ ಅಚ್ಚುಕಟ್ಟಾಗಿ ನಿಂತಿರುತ್ತದೆ. ಕಾಲವನ್ನು ಬಿಟ್ಟಾಗಲೇ ಕೆಲಸಗಾರಿಕೆಯ ಬಣ್ಣ ಬಯಲಾಗುವುದು.

ಮೇಲಕ್ಕೆ ಏರುವ ಒಂದು ಬಾಗಿಲನ್ನೇ ನೋಡಿ. ಮೇಲೊಂದು ಡಾರ್ಕ್ ಮ್ಯಾಟರ್ ತುಂಡು, ಕೆಳಗೆ ಕಲ್ಲಿನ ಚಪ್ಪಡಿ, ನಡುವೆ ಪಿಸ್ಟನ್, ಅಂದರೆ ಹಿಗ್ಗಿ ಕುಗ್ಗುವ ದಂಡ. ಅದು ಎಷ್ಟು ಹಿಗ್ಗಬೇಕು, ಎಷ್ಟು ಕುಗ್ಗಬೇಕು, ಎಷ್ಟು ಬಲದಿಂದ ಎಂಬುದನ್ನೆಲ್ಲ ಕಟ್ಟುವವರೇ ಗೊತ್ತುಮಾಡಬೇಕು. ಬಲ ಸಾಲದಿದ್ದರೆ ಚಪ್ಪಡಿ ಮೇಲೇಳದು. ದಂಡವನ್ನು ಬಿಗಿ ಮಾಡದಿದ್ದರೆ ಅತ್ತಿತ್ತ ಓಲಾಡುತ್ತದೆ. ಗೋಡೆಗೊಂದು ಅಯಸ್ಕಾಂತದ ಸ್ವಿಚ್ ಅಂಟಿಸಿ ಪಿಸ್ಟನ್‌ಗೆ ತಂತಿ ಎಳೆಯಬೇಕು. ಅದೇ ಬಣ್ಣದ ಕೀಲಿಯನ್ನು ಸ್ಪಂಜಿನ ತುಂಡಿಗೆ ಅಂಟಿಸಬೇಕು. ಆಡುವವನು ಸ್ಪಂಜನ್ನು ಎಳೆದು ಹತ್ತಿರ ತಂದೊಡನೆ ಬಾಗಿಲು ಏರುತ್ತದೆ. ಎಷ್ಟು ಹತ್ತಿರ ಎಂಬುದನ್ನೂ ಅಳೆದಿಡಬೇಕು. ಅಳತೆ ತಪ್ಪಿದರೆ, ಈಚೆ ಬದಿಯ ಒಗಟನ್ನು ಬಿಡಿಸುವ ಮೊದಲೇ ಬಾಗಿಲು ತೆರೆದು ಆಟ ಕೆಡುತ್ತದೆ.

ಹೀಗೆ ಪಳಗಿದ ಬಾಗಿಲನ್ನು ಇಡಿಯಾಗಿ ಸೆರೆಹಿಡಿದು ಪಾಪಿಟ್‌ನಲ್ಲಿ ಇಟ್ಟುಕೊಳ್ಳಬಹುದು. 2021ರಲ್ಲಿ ಆನ್‌ಲೈನ್ ಸರ್ವರ್‌ಗಳು ಮುಚ್ಚುವವರೆಗೆ, ತನ್ನ ಲೆವೆಲ್‌ನ ಗುಳ್ಳೆಯೊಳಗಿಟ್ಟು ಬೇರೆಯವರಿಗೂ ಕೊಡಬಹುದಿತ್ತು. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಈ ಏರ್ಪಾಡು: ಒಬ್ಬರ ದುಡಿಮೆ ಇನ್ನೊಬ್ಬರ ಕಚ್ಚಾ ಸಾಮಗ್ರಿ.

ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುವಂತಿಲ್ಲ. ಪರದೆಯ ಅಂಚಿನ ಥರ್ಮಾಮೀಟರ್ ಪ್ರತಿ ವಸ್ತುವಿಗೂ ಏರುತ್ತದೆ. ತುಂಬಿತೆಂದರೆ ಮುಂದೆ ಕಟ್ಟಲಾಗದು. ಅನುಭವಿಗಳು ಅಲಂಕಾರವನ್ನು ಕಡಿಮೆ ಮಾಡಿ, ಮೂಲೆಗಳನ್ನು ಸರಳಗೊಳಿಸಿ ಜಾಗ ಉಳಿಸುತ್ತಾರೆ. ಲೆಕ್ಕ ಮಾಡಲು ಬೇಕಾದ ಮೈಕ್ರೋಚಿಪ್ 2011ರ ಎರಡನೇ ಆಟದಲ್ಲಿ ಬಂತು. ಅದಕ್ಕೂ ಮೊದಲೇ, ಮುಖ್ಯವಾಗಿ ಪಿಸ್ಟನ್‌ಗಳನ್ನೂ ಅಯಸ್ಕಾಂತದ ಸ್ವಿಚ್‌ಗಳನ್ನೂ ಕಂತೆಗಟ್ಟಲೆ ಹೆಣೆದು, ಅದೇ ಥರ್ಮಾಮೀಟರ್‌ನ ಮಿತಿಯೊಳಗೆ, ಕೂಡಿ ಕಳೆಯುವ ಕ್ಯಾಲ್ಕುಲೇಟರ್ ಕಟ್ಟಿದವರಿದ್ದರು.