ಫಾದರ್ ಆಗುವ ಮುಂಚಿನ ಹನ್ನೆರಡು ವರ್ಷ

ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪ, ಕಲ್ಯಾಣದುರ್ಗ, ಕಣೇಕಲ್ಲು ಕಡೆಯ ಹಳ್ಳಿಗಳಲ್ಲಿ ‘ಆರ್‌ಡಿಟಿ’ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆಗೆ ಹೋಗುವ ಆಸ್ಪತ್ರೆ, ಕಾಲೋನಿಯ ಮನೆ, ಮಕ್ಕಳ ಓದು, ಎಲ್ಲದರ ಮಾತಿಗೂ ಆ ಮೂರು ಅಕ್ಷರ ಬಂದೇ ಬರುತ್ತದೆ. ಅದನ್ನು ಕಟ್ಟಿದ ವಿನ್ಸೆಂಟ್ ಫೆರರ್ ಹುಟ್ಟಿದ್ದು 1920ರಲ್ಲಿ, ಸ್ಪೇನಿನ ಬಾರ್ಸಿಲೋನಾದಲ್ಲಿ. ತೀರಿಕೊಂಡದ್ದು 2009ರ ಜೂನ್ 19ರಂದು, ಅನಂತಪುರದಲ್ಲಿ. ಆದರೆ 1952ರಲ್ಲಿ ಅವರು ಮುಂಬೈಯಲ್ಲಿ ಹಡಗಿಳಿದಾಗ ಬಂದದ್ದು ಬಾವಿ ತೋಡಿಸಲಿಕ್ಕಲ್ಲ, ಆಸ್ಪತ್ರೆ ಕಟ್ಟಲಿಕ್ಕೂ ಅಲ್ಲ. ಮೂವತ್ತು ದಾಟಿದ್ದ ಆ ಮನುಷ್ಯ ಇನ್ನೂ ವಿದ್ಯಾರ್ಥಿ. ಯೇಸುಸಭೆಯ, ಅಂದರೆ ಜೆಸ್ವಿಟರ, ತರಬೇತಿಯಲ್ಲಿ ಉಳಿದಿದ್ದ ಭಾಗವನ್ನು ಮುಗಿಸಲು ಬಂದಿದ್ದರು.

ಅಷ್ಟು ವಯಸ್ಸಾದರೂ ಮುಗಿಯದ ಅದೇನು ಓದು? ಮಿಷನರಿ ಎಂದರೆ ಬೈಬಲ್ ಹಿಡಿದು ಊರೂರು ಸುತ್ತಿ ಬೋಧಿಸುವವನು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ತರಬೇತಿಯಲ್ಲಿರುವವನು ಬೋಧನೆ ಮಾಡುವುದು ತೀರಾ ಕಡಿಮೆ. ಮೊದಲ ಎರಡು ವರ್ಷ ಅವನ ಪಾಲಿಗೆ ಬರುವುದು ಹೆಚ್ಚಾಗಿ ಪೊರಕೆ, ತಟ್ಟೆ ಲೋಟ ಮತ್ತು ಮೌನ.

ಆ ಎರಡು ವರ್ಷಕ್ಕೆ ನೊವಿಶಿಯೇಟ್ ಎನ್ನುತ್ತಾರೆ. ಫೆರರ್ ಕಾನೂನು ಓದನ್ನು ಬಿಟ್ಟು 1944ರಲ್ಲಿ ಸೇರಿದ್ದು ಇದಕ್ಕೇ. ಅದಕ್ಕೂ ಮುಂಚೆ ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸೈನಿಕರಾಗಿ ಸೆರೆಶಿಬಿರವನ್ನೂ ಕಂಡಿದ್ದರು. ಆ ಕಾಲದ ದಿನಚರಿ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ನಸುಕಿನ ಐದರ ಸುಮಾರಿಗೆ ಗಂಟೆ. ಎದ್ದು ಒಂದು ಗಂಟೆ ಧ್ಯಾನ, ಆಮೇಲೆ ಬಲಿಪೂಜೆ, ಆಮೇಲೆ ತಿಂಡಿ. ಊಟಕ್ಕೆ ಕೂತಾಗ ಹರಟೆಯಿಲ್ಲ. ಒಬ್ಬ ನಿಂತು ಪುಸ್ತಕ ಓದುತ್ತಾನೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. ಕಕ್ಕಸು ತೊಳೆಯುವುದರಿಂದ ತೋಟದ ಕಳೆ ತೆಗೆಯುವವರೆಗೆ ಎಲ್ಲ ಕೆಲಸ ಸರದಿಯ ಮೇಲೆ. ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಮರುದಿನ ಬೆಳಗಿನವರೆಗೆ ಮಾತು ಬಂದ್. ಮನೆಗೆ ಬರೆದ ಕಾಗದ, ಮನೆಯಿಂದ ಬಂದ ಕಾಗದ, ಎರಡೂ ಹಿರಿಯರ ಕೈ ದಾಟಿಯೇ ಹೋಗಬೇಕಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಆದ ಮೇಲೆ ಈ ಬಿಗಿ ಬಹಳ ಸಡಿಲವಾಯಿತು. ಧ್ಯಾನ, ಪೂಜೆ, ಕೈಕೆಲಸ ಮಾತ್ರ ಹಾಗೆಯೇ ಉಳಿದಿವೆ.

ಇದರಲ್ಲಿ ಒಂದು ಪದ್ಧತಿ ನನಗೆ ಬಹಳ ಕುತೂಹಲದ್ದು. ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ರಾತ್ರಿ, ಸುಮಾರು ಕಾಲು ಗಂಟೆ ಕೂತು ಮನಸ್ಸಾಕ್ಷಿಯ ಪರಿಶೀಲನೆ ಮಾಡಬೇಕು. ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಇದಕ್ಕೆ ಲೆಕ್ಕದ ನಕ್ಷೆಯನ್ನೇ ಕೊಟ್ಟಿದ್ದಾರೆ. ಆ ಪುಸ್ತಕಕ್ಕೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ. ಸಿಟ್ಟೋ ಚಾಡಿಯೋ ಹೊಟ್ಟೆಕಿಚ್ಚೋ, ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಗಿನಿಂದ ಎಷ್ಟು ಸಲ ಅದರಲ್ಲಿ ಬಿದ್ದೆನೋ ಅಷ್ಟು ಚುಕ್ಕೆ ಮೇಲಿನ ಗೆರೆಯ ಮೇಲೆ. ಮಧ್ಯಾಹ್ನದ ನಂತರದ್ದು ಕೆಳಗಿನ ಗೆರೆಯ ಮೇಲೆ. ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸಿ ನೋಡಬೇಕು. ಭಕ್ತಿ ಎಂದರೆ ಕಣ್ಣೀರು, ಪರವಶತೆ ಎಂದುಕೊಂಡವರಿಗೆ ಈ ಅಂಗಡಿಯ ಖಾತೆಪುಸ್ತಕದ ಶಿಸ್ತು ಒಣಕಲಾಗಿ ಕಾಣಬಹುದು. ಒಣಕಲೇ ಹೌದು. ಆದರೆ ಹೊರನಾಡಿನಲ್ಲಿ, ಭಾಷೆ ಬಾರದ ಊರಿನಲ್ಲಿ, ಜ್ವರ ಬಂದು ಮಲಗಿದ ದಿನ ಭಾವೋದ್ರೇಕ ಕೈಕೊಡುತ್ತದೆ. ಚುಕ್ಕೆ ಇಡುವ ಅಭ್ಯಾಸ ಕೈಕೊಡುವುದಿಲ್ಲ. ಈ ತರಬೇತಿಯನ್ನು ರೂಪಿಸಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಇದೇ ಎರಡು ವರ್ಷದಲ್ಲಿ ಮೂವತ್ತು ದಿನದ ಪೂರ್ಣ ಮೌನಧ್ಯಾನ ಒಂದು ಸಲ ಆಗಬೇಕು. ಆಸ್ಪತ್ರೆಯಲ್ಲಿ ರೋಗಿಗಳ ಚಾಕರಿ ಮಾಡುವ ಕೆಲವು ವಾರಗಳಿರುತ್ತವೆ. ಕೈಯಲ್ಲಿ ಕಾಸಿಲ್ಲದೆ ಯಾತ್ರೆ ಹೊರಟು, ಸಿಕ್ಕಿದ್ದನ್ನು ಉಂಡು, ಸಿಕ್ಕಲ್ಲಿ ಮಲಗಿ ಬರುವುದೂ ಉಂಟು. ಇವಕ್ಕೆ ಅವರು ‘ಪ್ರಯೋಗ’ ಎಂದೇ ಹೇಳುತ್ತಾರೆ. ಪರೀಕ್ಷೆಗೆ ಒಳಗಾಗುವವನು ಹುಡುಗ. ಎಲ್ಲ ಮುಗಿದರೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ. ಇನ್ನೂ ಪಾದ್ರಿಯಾಗಿಲ್ಲ, ಡಿಗ್ರಿ ಕೈಗೆ ಬಂದಿಲ್ಲ, ಆದರೂ ವ್ರತ ಮಾತ್ರ ಜೀವನಪರ್ಯಂತದ್ದು.

ಆಮೇಲಿನದು ದೀರ್ಘ ದಾರಿ. ಭಾಷೆ, ಸಾಹಿತ್ಯಕ್ಕೆ ಒಂದೆರಡು ವರ್ಷ, ತತ್ವಶಾಸ್ತ್ರಕ್ಕೆ ಎರಡು ಮೂರು. ನಡುವೆ ಓದು ನಿಲ್ಲಿಸಿ ಎರಡು ಮೂರು ವರ್ಷ ಶಾಲೆಯಲ್ಲೋ ಹಳ್ಳಿಯಲ್ಲೋ ದುಡಿಮೆ. ಮಂಗಳೂರು, ಬೆಂಗಳೂರಿನ ಜೆಸ್ವಿಟ್ ಶಾಲೆಗಳಲ್ಲಿ ಓದಿದವರಿಗೆ ಫುಟ್‌ಬಾಲ್ ಆಡಿಸುತ್ತಿದ್ದ ಒಬ್ಬ ಎಳೆಯ ‘ಬ್ರದರ್’ ನೆನಪಿರಬಹುದು. ಅವರು ಈ ಹಂತದವರು. (ಜೀವನವಿಡೀ ಬ್ರದರ್ ಆಗಿಯೇ ಉಳಿಯುವವರೂ ಇದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿದ ಇಟಲಿಯ ಆಂಟೋನಿಯೊ ಮೊಸ್ಕೆನಿ ಅಂಥವರು.) ಬಳಿಕ ದೇವಶಾಸ್ತ್ರಕ್ಕೆ ನಾಲ್ಕು ವರ್ಷದ ಆಸುಪಾಸು, ಗುರುದೀಕ್ಷೆ, ಕೆಲ ವರ್ಷಗಳ ನಂತರ ಮತ್ತೊಂದು ಸುತ್ತು ಧ್ಯಾನ, ಕೊನೆಯ ವ್ರತ. ಇಪ್ಪತ್ತಕ್ಕೆ ಸೇರಿದವನು ಫಾದರ್ ಎನಿಸಿಕೊಳ್ಳುವಾಗ ಮೂವತ್ತೆರಡು, ಮೂವತ್ತಮೂರು.

ಯಾವ ದೇಶಕ್ಕೆ ಹೋಗಬೇಕು ಎಂಬುದು ಹುಡುಗನ ಇಷ್ಟವೇ? ಕೇಳಿಕೊಳ್ಳಬಹುದು, ತೀರ್ಮಾನ ಹಿರಿಯರದು. ಜೆಸ್ವಿಟರಲ್ಲಿ ಪ್ರಾಂತದ ಮುಖ್ಯಸ್ಥರಾದ ಪ್ರೊವಿನ್ಶಿಯಲ್ ವರ್ಷಕ್ಕೊಮ್ಮೆ ಪ್ರತಿಯೊಬ್ಬನನ್ನೂ ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸುತ್ತಾರೆ, ಅವನು ಒಳಗಿನದೆಲ್ಲ ಬಿಚ್ಚಿಡಬೇಕು, ಅದನ್ನು ತೂಗಿ ಅಪ್ಪಣೆ ಬರುತ್ತದೆ. ಯುರೋಪಿನ ಒಂದೊಂದು ಪ್ರಾಂತ ಇಲ್ಲಿನ ಒಂದೊಂದು ಸೀಮೆಯನ್ನು ವಹಿಸಿಕೊಂಡಿತ್ತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದವರು ಇಟಲಿಯ ವೆನಿಸ್ ಪ್ರಾಂತದವರು. ಮುಂಬೈಯಲ್ಲಿ ಜರ್ಮನರಿದ್ದರು, ಮೊದಲ ಮಹಾಯುದ್ಧದಲ್ಲಿ ಅವರು ಶತ್ರುದೇಶದವರಾಗಿ ಜಾಗ ಬಿಡಬೇಕಾಯಿತು, ಆಮೇಲೆ ಸ್ಪೇನಿನವರು ಬಂದರು. ಫೆರರ್ ಮುಂಬೈಯಲ್ಲಿ ಇಳಿಯಲು ಇದೇ ಕಾರಣ.

ಬಂದವನಿಗೆ ಮೊದಲ ಬೇಲಿ ಭಾಷೆ. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದಾಗ ಕನ್ನಡ ಕಲಿಯಲು ಅಚ್ಚಾದ ನಿಘಂಟೇ ಇರಲಿಲ್ಲ. ಮುನ್ಶಿಯನ್ನು ಕೂರಿಸಿಕೊಂಡು, ಪದ ಬರೆದುಕೊಂಡು, ಸಂತೆಯಲ್ಲಿ ಆಡಿ ನೋಡಿ ನಗೆಪಾಟಲಾಗಿ, ಮತ್ತೆ ತಿದ್ದಿಕೊಳ್ಳುವುದೇ ದಾರಿ. ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಲು 1831ರವರೆಗೆ ಹಿಡಿಯಿತು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದರು. ಮುಂದೆ 1894ರಲ್ಲಿ ಜರ್ಮನ್ ಮಿಷನರಿ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ಬಂತು. ತಮಗೆ ಕಲಿಯಲು ಸಾಧನವಿಲ್ಲದೆ ಒದ್ದಾಡಿದವರು ಮುಂದಿನವರಿಗೆಂದು ಮಾಡಿಟ್ಟದ್ದರ ಲಾಭ ಹೆಚ್ಚು ಆದದ್ದು ನಮಗೆ.

ಕಿಟೆಲ್ ತಯಾರಾದ ಮನೆಯ ಕಟ್ಟಳೆ ಬೇರೆ. ಅದು ಪ್ರಾಟೆಸ್ಟಂಟರ ಬಾಸೆಲ್ ಮಿಶನ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿ, ಮರುವರ್ಷ ತರಬೇತಿ ಶಾಲೆ ತೆರೆಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಅರ್ಜಿಯ ಜೊತೆ ತನ್ನ ಜೀವನಕಥೆಯನ್ನು ತಾನೇ ಬರೆದುಕೊಡಬೇಕು. ಒಳಗೆ ಗ್ರೀಕ್, ಹೀಬ್ರೂ, ಲ್ಯಾಟಿನ್, ಇಂಗ್ಲಿಷ್, ಜೊತೆಗೆ ಸೌದೆ ಒಡೆಯುವುದು, ತೋಟ, ಮರಗೆಲಸ. ಈ ಮಿಶನ್ ಮಂಗಳೂರಿನಲ್ಲಿ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆ ನಡೆಸಿದ್ದರಲ್ಲಿ ಅಚ್ಚರಿಯಿಲ್ಲ. ಇವರಲ್ಲಿ ಬ್ರಹ್ಮಚರ್ಯದ ವ್ರತವಿಲ್ಲ. ಆದರೂ ಒಂಟಿಯಾಗಿಯೇ ಹಡಗು ಹತ್ತಬೇಕು; ಕೆಲ ವರ್ಷ ದುಡಿದ ಮೇಲೆ ಮದುವೆಗೆ ಬಾಸೆಲ್‌ನ ಸಮಿತಿಗೆ ಅರ್ಜಿ ಹಾಕಬೇಕು, ವಧು ಯಾರೆಂಬುದನ್ನೂ ಸಮಿತಿ ಒಪ್ಪಬೇಕು. 1853ರಲ್ಲಿ ಬಂದ ಕಿಟೆಲ್ ಮದುವೆಯಾದದ್ದು 1860ರಲ್ಲಿ. ಜಾತಕ ನೋಡಿ ಹಿರಿಯರು ಗಟ್ಟಿ ಮಾಡುವ ನಮ್ಮ ಮದುವೆಗಳನ್ನು ಕಂಡು ಈ ಯುವಕರಿಗೆ ಅಷ್ಟೇನೂ ವಿಚಿತ್ರ ಎನಿಸಿರಲಾರದು.

ಹೊರದೇಶದ ತರಬೇತಿಗೆ ಇಲ್ಲಿಂದ ಹೋದ ಕನ್ನಡಿಗರೂ ಇದ್ದಾರೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು, ತಮ್ಮ ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಮೋಗ್ಲಿಂಗ್ ಇವರೇ. ಗುರುವಿನೊಂದಿಗೆ 1846ರಲ್ಲಿ ಯುರೋಪಿಗೆ ಹೋದ ಕೌಂಡಿನ್ಯರು ಬಾಸೆಲ್‌ನ ಅದೇ ಶಾಲೆಯಲ್ಲಿ 1851ರವರೆಗೆ ಓದಿ, ಬೋಧಕರಾಗಿ ಅಭಿಷಿಕ್ತರಾಗಿ ಹಿಂದಿರುಗಿದರು. ಕಡಲು ದಾಟಿದರೆ ಜಾತಿ ಹೋಯಿತು ಎನ್ನುವ ಕಾಲ. ಇವರದು ಮತಾಂತರದೊಂದಿಗೇ ಹೋಗಿತ್ತು. ಹೆಂಡತಿಯೂ ಜೊತೆಗೆ ಬರಲಿಲ್ಲ. ಬಂದ ಮೇಲೆ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು, ಕೊಡಗಿನ ಆನಂದಪುರದ ಕೆಲಸದಲ್ಲಿ ತೊಡಗಿದರು, 1893ರಲ್ಲಿ ತೀರಿಕೊಂಡರು. ಸೌದೆ ಒಡೆಯುವ ಸರದಿ ಬಂದಾಗ ಆ ಮನೆತನದ ಹುಡುಗನಿಗೆ ಏನೆನಿಸಿತೋ! ವಿದೇಶದಲ್ಲಿ ತರಬೇತಿ ಪಡೆಯುವವನ ಪಾಡು ಬರೆಯುವಾಗ ಬಿಳಿಯರ ಕಷ್ಟವನ್ನಷ್ಟೇ ಎಣಿಸುವುದು ಸರಿಯಲ್ಲ.

ಎರಡೂ ಪದ್ಧತಿಗಳ ಗಂಟು ಒಂದೇ ಕಡೆ ಇದೆ: ಅಪ್ಪಣೆ. ಹಣ, ಪ್ರಯಾಣ, ಪುಸ್ತಕ, ಊರು, ಯಾವುದಕ್ಕೂ ಮೇಲಿನವರ ಮಾತು ಬೇಕು. ಪ್ರಾರ್ಥನೆ ಎಷ್ಟು ಗಂಟೆ ಎನ್ನುವುದಕ್ಕಿಂತ ಇದೇ ಕಠಿಣ. ಫೆರರ್ ಮಹಾರಾಷ್ಟ್ರದ ಮನ್ಮಾಡ್ ಸುತ್ತಿನ ಬರದ ಹಳ್ಳಿಗಳಲ್ಲಿ ರೈತರಿಂದ ಬಾವಿ ತೋಡಿಸುವ ಕೆಲಸಕ್ಕೆ ಇಳಿದರು. ಅದು ದೊಡ್ಡದಾದಂತೆ ವಿರೋಧವೂ ಬೆಳೆದು, 1968ರಲ್ಲಿ ದೇಶ ಬಿಡಬೇಕೆಂಬ ಆದೇಶ ಬಂತು. ಸಾವಿರಾರು ರೈತರು ಮುಂಬೈಗೆ ಕಾಲ್ನಡಿಗೆಯಲ್ಲಿ ಹೋಗಿ ಪ್ರತಿಭಟಿಸಿದರು. ಹೊರಗೆ ಹೋಗಿ ಮರಳಿ ಬರಬಹುದೆಂದು ಇಂದಿರಾ ಗಾಂಧಿ ದಾರಿ ಮಾಡಿಕೊಟ್ಟರು. 1969ರಲ್ಲಿ ಮರಳಿದಾಗ ಅನಂತಪುರಕ್ಕೆ ಬಂದರು. 1970ರಲ್ಲಿ ಯೇಸುಸಭೆಯನ್ನು ಬಿಟ್ಟು, ಬ್ರಿಟಿಷ್ ಪತ್ರಕರ್ತೆ ಆನ್ ಪೆರಿ ಅವರನ್ನು ಮದುವೆಯಾದರು. ಇಪ್ಪತ್ತೈದು ವರ್ಷಕ್ಕೂ ಮೇಲೆ ಅಪ್ಪಣೆಯಲ್ಲಿ ನಡೆದವರು ಆಮೇಲೆ ಸುಮಾರು ನಲವತ್ತು ವರ್ಷ ಸ್ವಂತ ಇಚ್ಛೆಯಿಂದ ಒಂದೇ ಜಿಲ್ಲೆಯಲ್ಲಿ ಬೇರೂರಿದರು. ವ್ರತ ಬಿಟ್ಟರೂ ಕಸುಬು ಬಿಡಲಿಲ್ಲ ಎನ್ನುವುದು ನನ್ನ ಎಣಿಕೆ. ಜನ ಕೊನೆಯವರೆಗೂ ‘ಫಾದರ್’ ಎಂದೇ ಕರೆದರು.

ಈಗ ಹೊರದೇಶದಿಂದ ಬರುವ ತರಬೇತಿಯವರು ಅಪರೂಪ. ಧರ್ಮದ ಕೆಲಸಕ್ಕೆ ಮಿಷನರಿ ವೀಸಾ ಎಂಬ ಬೇರೆ ವರ್ಗವಿದೆ. ಪ್ರವಾಸಿ ವೀಸಾದಲ್ಲಿ ಬಂದು ಪ್ರಚಾರ ಮಾಡುವಂತಿಲ್ಲ. ಓಡಾಟ ಈಗ ಹೆಚ್ಚು ಇಲ್ಲಿಂದ ಅಲ್ಲಿಗೆ. ಜಗತ್ತಿನಲ್ಲಿ ಅತಿ ಹೆಚ್ಚು ಜೆಸ್ವಿಟರಿರುವ ದೇಶ ಇಂದು ಭಾರತ. ಕರ್ನಾಟಕ ಪ್ರಾಂತದ ನೊವಿಶಿಯೇಟ್ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮೌಂಟ್ ಸೇಂಟ್ ಜೋಸೆಫ್‌ನಲ್ಲಿದೆ. ಆಂಧ್ರಕ್ಕೆ ಬೇರೆಯೇ ಪ್ರಾಂತ. ಪ್ರಾಟೆಸ್ಟಂಟರಾದರೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಅಲ್ಲಿ ಮದುವೆಗೆ ಅಡ್ಡಿಯಿಲ್ಲ.

ಮನೆಯ ಹುಡುಗ ಹೋಗುತ್ತೇನೆ ಎಂದರೆ ಮೊದಲು ನೋಡಬೇಕಾದವರು ನಿಮ್ಮ ಚರ್ಚಿನ ಫಾದರ್ ಅಥವಾ ಅಯ್ಯನವರು. ದೀಕ್ಷಾಸ್ನಾನದ ಪತ್ರ, ಓದಿನ ಅಂಕಪಟ್ಟಿ, ಅವರ ಶಿಫಾರಸು, ಇವು ಬೇಕೇ ಬೇಕು. ಜೆಸ್ವಿಟರಲ್ಲಿ ಸೇರಿದ ಮೇಲೆ ಓದು, ಊಟ, ಬಟ್ಟೆ ಸಭೆಯದು. ಸಂಬಳ ಇಲ್ಲ, ಮನೆಗೆ ಹಣ ಕಳಿಸುತ್ತಾನೆ ಎಂದು ಕಾಯಬೇಡಿ. ವ್ರತಕ್ಕೆ ಮುಂಚೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಆಮೇಲಾದರೆ ಲಿಖಿತ ಬಿಡುಗಡೆ ಬೇಕು. ಹಾಗೆ ಬಂದವನನ್ನು ‘ಓಡಿ ಬಂದ’ ಎಂದು ಹಂಗಿಸಬೇಡಿ. ಮೊದಲ ಎರಡು ವರ್ಷ ಇರುವುದೇ ಇರುವೆನೋ ಬಿಡುವೆನೋ ಎಂದು ಅವನು ನೋಡಿಕೊಳ್ಳಲಿಕ್ಕೆ.