ಹಳೆಯ ಮೋಟಾರುಗಾಡಿಯ ಮುಂಗಾಲಿಗಳ ಸಸ್ಪೆನ್ಷನ್: ಸುಧಾರಣೆಯೂ ಸಂರಕ್ಷಣೆಯೂ

ಇತಿಹಾಸ ವಿಭಾಗದ ವಾರ್ಷಿಕ ಪತ್ರಿಕೆಯಲ್ಲಿ ಮೋಟಾರುಗಾಡಿಯ ಸ್ಪ್ರಿಂಗುಗಳ ಚರ್ಚೆಗೆ ಸ್ಥಳವೆಲ್ಲಿಯದೆಂದು ವಾಚಕರು ಕೇಳಬಹುದು. ಶಾಸನ, ನಾಣ್ಯ, ಹಸ್ತಪ್ರತಿಗಳನ್ನು ಇತಿಹಾಸದ ಆಧಾರಗಳೆಂದು ಒಪ್ಪುವ ನಾವು, ಮನುಷ್ಯನು ನಿರ್ಮಿಸಿ ಬಳಸಿದ ಯಂತ್ರಗಳೂ ಅಂತಹ ಆಧಾರಗಳೆಂಬುದನ್ನು ಸಾಮಾನ್ಯವಾಗಿ ಮರೆಯುತ್ತೇವೆ. ಶಾಸನದ ಅಕ್ಷರವನ್ನು ಹೊಸದಾಗಿ ಕೊರೆದು ‘ಸುಧಾರಿಸಿದರೆ’ ಅದು ಶಾಸನವಾಗಿ ಉಳಿಯದು. ಆದರೆ ಯಂತ್ರವು ಓಡುವ ವಸ್ತು. ಅದರಲ್ಲಿ ಕುಳಿತವರ ಪ್ರಾಣವು ಅದರ ಸುಸ್ಥಿತಿಯನ್ನು ಅವಲಂಬಿಸಿದೆ. ಈ ಎರಡು ಕರ್ತವ್ಯಗಳ ನಡುವಣ ತೊಡಕೇ ಪ್ರಸ್ತುತ ಲೇಖನದ ವಿಷಯ.

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರ ಬಳಿ ಕಾಂಟೆಸ್ಸಾ ಗಾಡಿಯೊಂದಿದೆ. ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಅವರ ಮಗನ ಆಸೆ. ಅದಕ್ಕಾಗಿ ಮುಂಭಾಗದ ಸಸ್ಪೆನ್ಷನ್ನನ್ನು ಪೂರ್ಣವಾಗಿ ಹೊಸ ರೀತಿಯದನ್ನಾಗಿ ಮಾಡಿಸುವುದು ಅವನ ಯೋಜನೆ. ತಂದೆಯವರು ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: “ಮುಂದಿಂದೆಲ್ಲಾ ಹೊಸಾದು ಹಾಕ್ಸಿದ್ರ, ಗಾಡಿ ಅದೇ ಗಾಡಿ ಅಂತೀರೇನ್ರಿ ಸರ?” ಉತ್ತರ ಕೊಡಲು ಹೊರಟಾಗ, ಮೊದಲು ಆ ಯಂತ್ರಭಾಗದ ಕೆಲಸವನ್ನೇ ತಿಳಿಯಬೇಕಾಯಿತು. ತಿಳಿದುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

1. ಬಂಡಿಯಿಂದ ಮೋಟಾರಿಗೆ

ನಮ್ಮ ಎತ್ತಿನ ಬಂಡಿಯಲ್ಲಿ ಸ್ಪ್ರಿಂಗೆಂಬುದಿಲ್ಲ. ಅಚ್ಚಿನ ಮೇಲೆ ಬಂಡಿಯ ಚೌಕಟ್ಟು ನೇರವಾಗಿ ಕುಳಿತಿರುವುದು. ಇದನ್ನು ಬಂಡಿಯ ದೋಷವೆಂದು ಎಣಿಸಲಾಗದು. ಗಂಟೆಗೆ 4 ಕಿಲೋಮೀಟರು ನಡೆಯುವ ಬಂಡಿಯು ಒಂದು ಮೀಟರು ಉದ್ದದ ಉಬ್ಬನ್ನು ದಾಟಲು ಸುಮಾರು 0.9 ಸೆಕೆಂಡು ಹಿಡಿಯುವುದು; ಆ ಅವಧಿಯಲ್ಲಿ ಇಡೀ ಬಂಡಿ ಮೆಲ್ಲಗೆ ಏರಿ ಇಳಿಯಲು ಅವಕಾಶವಿದೆ. ಗಂಟೆಗೆ 72 ಕಿಲೋಮೀಟರು ವೇಗದ ಮೋಟಾರು ಅದೇ ಉಬ್ಬನ್ನು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ದಾಟುವುದು. ಅಷ್ಟು ಅಲ್ಪಕಾಲದಲ್ಲಿ ಗಾಡಿಯ ಸಮಸ್ತ ಭಾರವನ್ನು ಮೇಲೆತ್ತಬೇಕಾದರೆ ಒದಗುವ ಹೊಡೆತ ಅಪಾರ. ಆದುದರಿಂದ ಗಾಲಿಯು ಏರಲಿ, ಗಾಡಿಯು ಏರದಿರಲಿ ಎಂಬ ಏರ್ಪಾಡು ಬೇಕಾಯಿತು. ಅದೇ ಸಸ್ಪೆನ್ಷನ್. ಗಾಲಿಯನ್ನು ನೆಲದಿಂದ ಬಿಡದೆ ಹಿಡಿದಿಡುವುದೂ ಅದರದೇ ಹೊಣೆ. ನೆಲ ಬಿಟ್ಟ ಗಾಲಿ ತಿರುಗಿಸಿದ ಕಡೆಗೆ ತಿರುಗದು, ಬ್ರೇಕು ಹಿಡಿದರೂ ನಿಲ್ಲದು.

ಆರಂಭದ ಮೋಟಾರುಗಳಲ್ಲಿ ಎರಡು ಮುಂಗಾಲಿಗಳನ್ನು ಒಂದೇ ಗಟ್ಟಿ ಅಚ್ಚು ಕೂಡಿಸುತ್ತಿತ್ತು. ಅದರ ಮೇಲೆ ಕುದುರೆ ಸಾರೋಟಿನಿಂದ ಬಂದ ಕಮಾನುಪಟ್ಟಿಗಳು. ನಮ್ಮ ಹಳ್ಳಿಗಳಿಗೆಲ್ಲ ಪರಿಚಿತವಾದ ಹಳೆಯ ಜೀಪುಗಳದೂ ಇದೇ ರಚನೆ. ಒಂದು ಗಾಲಿ ಕಲ್ಲನ್ನೇರಿದರೆ ಇನ್ನೊಂದೂ ವಾಲುವುದು ಈ ರಚನೆಯ ಕೊರತೆ. 1922ರಲ್ಲಿ ಇಟಲಿಯ ಲಾನ್ಸಿಯಾ ಲಾಂಬ್ಡಾ ಗಾಡಿ ಮುಂಗಾಲಿಗಳಿಗೆ ಪ್ರತ್ಯೇಕ ಚಲನೆಯನ್ನು ಕೊಟ್ಟಿತು. 1934ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಗಾಡಿಗಳಲ್ಲಿ, ಒಂದು ಗಿಡ್ಡ ಹಾಗೂ ಒಂದು ಉದ್ದ ತೋಳಿನ ಸ್ವತಂತ್ರ ಸಸ್ಪೆನ್ಷನ್ ಬಂದಿತು. ಇದರ ಹಿಂದಿದ್ದವನು ಮಾರಿಸ್ ಓಲಿ ಎಂಬ ತಂತ್ರಜ್ಞ.

ಭಾರತದ ರಸ್ತೆಗಳಲ್ಲಿ ಬಹುಕಾಲ ಮೆರೆದ ಗಾಡಿಗಳಲ್ಲಿ ಈ ಇತಿಹಾಸದ ಕವಲುಗಳನ್ನು ಕಾಣಬಹುದು. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರಿನಲ್ಲಿ ಮುಂಭಾಗದ ಸ್ಪ್ರಿಂಗು ಸುರುಳಿಯಲ್ಲ. ಗಾಡಿಯ ಉದ್ದಕ್ಕೆ ಮಲಗಿಸಿದ, ತಿರುಚಿಕೊಳ್ಳುವ ಉಕ್ಕಿನ ಸಲಾಕೆ. ಫಿಯಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿಯಲ್ಲಿ ತೋಳುಗಳೂ ಸುರುಳಿ ಸ್ಪ್ರಿಂಗುಗಳೂ ಇದ್ದುವು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರಿನ ಆಧಾರದ ಮೇಲೆ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸ್ಸಾದ ಮುಂಭಾಗದಲ್ಲಿಯೂ ಜೋಡಿ ತೋಳು ಮತ್ತು ಸುರುಳಿ ಸ್ಪ್ರಿಂಗು.

2. ‘ಮಸಲ್ ಕಾರ್’ ಎಂಬ ವರ್ಗ

1960ರ ದಶಕದಲ್ಲಿ ಅಮೆರಿಕದಲ್ಲಿ ಒಂದು ವಿಶಿಷ್ಟ ವರ್ಗದ ಗಾಡಿಗಳು ಬಂದುವು. 1964ರ ಪಾಂಟಿಯಾಕ್ ಜಿ.ಟಿ.ಓ. ಅವುಗಳಲ್ಲಿ ಪ್ರಸಿದ್ಧವಾದುದು. ಮಧ್ಯಮ ಗಾತ್ರದ ಸಾಮಾನ್ಯ ಗಾಡಿಯೊಳಗೆ 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ ಇಂಜಿನನ್ನು ಕೂರಿಸಿದುದೇ ಅದರ ತತ್ತ್ವ. ಬಲ ಹೆಚ್ಚಿತು, ಆದರೆ ಸಸ್ಪೆನ್ಷನ್ನಿನ ಮೂಲರಚನೆ ಸಂಸಾರಸ್ಥರ ಗಾಡಿಯದಾಗಿಯೇ ಉಳಿಯಿತು. ನೇರ ದಾರಿಯಲ್ಲಿ ಧಾವಿಸಿದ ಈ ಗಾಡಿಗಳು ತಿರುವಿನಲ್ಲಿ ತಡವರಿಸುತ್ತಿದ್ದುವು.

ಕಾಂಟೆಸ್ಸಾವನ್ನು ಅಭಿಮಾನಿಗಳು ಭಾರತದ ಮಸಲ್ ಕಾರ್ ಎಂದು ಕರೆಯುವುದುಂಟು. ಉದ್ದನೆಯ ಬಾನೆಟ್ಟು, ಹಿಂಗಾಲಿಗಳಿಗೆ ಎಳೆತ, ಅಗಲವಾದ ಮೈ ಇವೆಲ್ಲ ಹೋಲುವುವು. ಬಲದಲ್ಲಿ ಮಾತ್ರ ಹೋಲಿಕೆ ಅಲ್ಪ: ಆರಂಭದ ಕಾಂಟೆಸ್ಸಾದ 1.5 ಲೀಟರಿನ ಇಂಜಿನು ಸುಮಾರು 50 ಅಶ್ವಶಕ್ತಿಯದು. ಆಮೇಲೆ ಬಂದ ಇಸುಜು ಕಂಪನಿಯ 1.8 ಲೀಟರಿನ ಇಂಜಿನು ಅದನ್ನು ಬಹುವಾಗಿ ಮೀರಿಸಿತು. ಹೆಸರು ಒಪ್ಪಲಿ ಬಿಡಲಿ, ಸಮಸ್ಯೆಯ ಸ್ವರೂಪ ಒಂದೇ: ಒಂದು ಕಾಲದ ರಸ್ತೆ, ಟೈರು, ವೇಗಗಳಿಗೆ ಹೊಂದಿಸಿದ ಗಾಡಿಯನ್ನು ಇನ್ನೊಂದು ಕಾಲದ ಹೆದ್ದಾರಿಗೆ ಬಿಡುವುದು.

3. ಸ್ಪ್ರಿಂಗಿನ ಗಣಿತ

ಗಾಡಿ ತಗ್ಗಾಗಿ ಕುಳಿತು ಗಟ್ಟಿಯಾಗಿ ಓಡಬೇಕೆಂದು ಸ್ಪ್ರಿಂಗಿನ ಸುತ್ತುಗಳನ್ನೇ ಕತ್ತರಿಸುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿದೆ. ಎಂಟು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಎರಡನ್ನು ಕತ್ತರಿಸಿದರೆ ಅದರ ಬಿಗಿ ಮೂರರಲ್ಲೊಂದು ಪಾಲು ಹೆಚ್ಚುವುದು. ಅದೇ ವೇಳೆಗೆ ಗಾಲಿ ಮೇಲೇರಲು ಉಳಿಯುವ ಅವಕಾಶ ಕುಗ್ಗುವುದು. ಅವಕಾಶ ಮುಗಿದೊಡನೆ ಲೋಹಕ್ಕೆ ಲೋಹ ಬಡಿಯುವುದು. ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದಿರುವ ಅಪಾಯವೂ ಉಂಟು.

ಸಲಾಕೆಯ ಸ್ಪ್ರಿಂಗಿನ ನಿಯಮ ಬೇರೆ. ಅದರ ಬಿಗಿ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾದುದು. ಶೇಕಡ 10ರಷ್ಟು ದಪ್ಪನಾದ ಸಲಾಕೆ ಹಾಕಿದರೆ ಬಿಗಿ ಸುಮಾರು ಶೇಕಡ 46ರಷ್ಟು ಹೆಚ್ಚುವುದು. ಸಲಾಕೆಯ ಹಿಂತುದಿಯನ್ನು ತಿರುಗಿಸಿ ಗಾಡಿಯ ಎತ್ತರವನ್ನು ಬದಲಿಸಬಹುದು. ಅದರಿಂದ ಸಲಾಕೆಯ ಬಿಗಿ ಮಾತ್ರ ಬದಲಾಗದು.

ಇನ್ನೊಂದು ಲೆಕ್ಕ ನಮ್ಮ ಪ್ರದೇಶಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಒಂದು ಮುಂಗಾಲಿಯ ಮೇಲೆ 300 ಕಿಲೋಗ್ರಾಂ ಭಾರವಿದ್ದು, ಗಾಲಿಯ ಬಳಿ ಅಳೆದ ಬಿಗಿ ಮಿಲಿಮೀಟರಿಗೆ 15 ನ್ಯೂಟನ್ ಆಗಿದ್ದರೆ, ಗಾಡಿಯ ಮುಂಭಾಗ ಸೆಕೆಂಡಿಗೆ ಸುಮಾರು 1.1 ಬಾರಿ ತೂಗುವುದು. ಬಿಗಿಯನ್ನು ಇಮ್ಮಡಿಸಿದರೆ ಈ ಸಂಖ್ಯೆ ಇಮ್ಮಡಿಯಾಗದೆ ಸುಮಾರು 1.6 ಆಗುವುದು. ಬೀದರ ಪಟ್ಟಣದ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ನೆಲವನ್ನು ಬಿಟ್ಟು ಭಾಲ್ಕಿ, ಔರಾದಗಳ ಕಡೆಗೆ ಹೋದಂತೆ ಕರಿಯ ಎರೆಭೂಮಿ ಹೆಚ್ಚುವುದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಸ್ವಭಾವದ್ದು. ಅದರ ಮೇಲಿನ ಡಾಂಬರು ರಸ್ತೆ ಕೆಲಕಾಲದಲ್ಲಿಯೇ ಅಲೆಯಲೆಯಾಗಬಹುದು. ಇಂತಹ ಅಲೆಗಳು ಸುಮಾರು 18 ಮೀಟರಿಗೊಂದರಂತೆ ಬಂದರೆ, ಗಂಟೆಗೆ 72 ಕಿಲೋಮೀಟರು ವೇಗದ ಗಾಡಿಗೆ ಸೆಕೆಂಡಿಗೆ 1.1 ಅಲೆ ತಾಗುವುದು. ರಸ್ತೆಯ ತಾಳವೂ ಗಾಡಿಯ ತಾಳವೂ ಒಂದಾಗಿ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಏರಿಳಿತ ಹೆಚ್ಚುತ್ತಲೇ ಹೋಗುವುದು. ಅದನ್ನು ತಡೆಯುವುದು ಸ್ಪ್ರಿಂಗಲ್ಲ, ಶಾಕ್ ಅಬ್ಸಾರ್ಬರು. ಹಳೆಯ ಗಾಡಿ ‘ತೇಲುತ್ತದೆ’ ಎಂದು ದೂರುವವರು ಸ್ಪ್ರಿಂಗನ್ನು ಬದಲಿಸುವ ಮೊದಲು ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರನ್ನು ನೋಡತಕ್ಕದ್ದು.

ಹೇಳಲೇಬೇಕಾದ ಮತ್ತೊಂದು ಅಂಶವಿದೆ. ಮುಂಭಾಗದ ತೂಗು ಹಿಂಭಾಗದ್ದಕ್ಕಿಂತ ತುಸು ನಿಧಾನವಾಗಿರಬೇಕೆಂಬುದು ಓಲಿಯ ಕಾಣಿಕೆ. ಉಬ್ಬು ಮೊದಲು ಮುಂಗಾಲಿಗೆ, ಅನಂತರ ಹಿಂಗಾಲಿಗೆ ತಾಗುವುದರಿಂದ, ಹಿಂಭಾಗ ಬೇಗ ತೂಗಿದರೆ ಎರಡೂ ಬೇಗನೆ ಹೊಂದಿಕೊಂಡು ಗಾಡಿ ಸಮತಲವಾಗುವುದು. ಮುಂಭಾಗವನ್ನು ಮಾತ್ರ ಬಿಗಿಗೊಳಿಸುವ ‘ಸುಧಾರಣೆ’ ಈ ಸಂಬಂಧವನ್ನು ತಲೆಕೆಳಗು ಮಾಡುವುದು. ಓರೆಯಾಗುವುದನ್ನು ತಡೆಯುವ ದಪ್ಪ ಸರಳನ್ನು ಮುಂದೆ ಮಾತ್ರ ಹಾಕಿದರೂ, ತಿರುವಿನಲ್ಲಿ ಮುಂಗಾಲಿಗಳು ಹೊರಕ್ಕೆ ಜಾರುವ ಪ್ರವೃತ್ತಿ ಹೆಚ್ಚುವುದು.

4. ಕೋನಗಳ ವಿಚಾರ

ಸಸ್ಪೆನ್ಷನ್ನಿನ ಅರ್ಧ ಮಹತ್ತ್ವ ಅದರ ಕೋನಗಳಲ್ಲಿದೆ. ಮುಂದಿನಿಂದ ನೋಡಿದಾಗ ಗಾಲಿಯ ವಾಲು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಅಕ್ಷದ ಹಿಂಬಾಗು ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮೂತಿ ಒಳಕ್ಕಿದೆಯೋ ಹೊರಕ್ಕಿದೆಯೋ ಎಂಬುದು ಟೋ. 1960ರ ದಶಕದ ಗಾಡಿಗಳಿಗೆ ಆಗಿನ ಅಡ್ಡನೇಯ್ಗೆಯ ಟೈರುಗಳಿಗೆ ತಕ್ಕ ಕೋನಗಳನ್ನು ನಿಗದಿಪಡಿಸಿದ್ದರು. ಇಂದು ನಾವು ಹಾಕುವ ರೇಡಿಯಲ್ ಟೈರು ಬೇರೆ ಗುಣದ್ದು. ಕ್ಯಾಂಬರನ್ನು ಸೊನ್ನೆಗೆ ಅಥವಾ ತುಸು ಒಳವಾಲಿಗೆ ತಂದು, ಕ್ಯಾಸ್ಟರನ್ನು ಹೆಚ್ಚಿಸಿದರೆ ಅದು ಚೆನ್ನಾಗಿ ನಡೆಯುವುದು. ಕ್ಯಾಸ್ಟರ್ ಹೆಚ್ಚಿದಂತೆ ಗಾಡಿ ನೇರ ದಾರಿ ಹಿಡಿಯುವುದು. ಆದರೆ ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ಚಕ್ರ ತಿರುಗಿಸುವ ಕೈಗೆ ಭಾರವೂ ಹೆಚ್ಚುವುದು. ಕಬ್ಬಿಣವೊಂದನ್ನೂ ಬದಲಿಸದೆ, ಅಲೈನ್‌ಮೆಂಟಿನಿಂದಲೇ ದೊರೆಯುವ ಈ ಲಾಭವನ್ನು ಬಹುಮಂದಿ ಗಮನಿಸುವುದಿಲ್ಲ.

ಕೋನದ ಮಹತ್ತ್ವಕ್ಕೆ ಪ್ರಸಿದ್ಧ ನಿದರ್ಶನ 1965ರ ಶೆಲ್ಬಿ ಜಿ.ಟಿ. 350. ಫೋರ್ಡ್ ಮಸ್ಟಾಂಗಿನ ಈ ಸ್ಪರ್ಧಾರೂಪದಲ್ಲಿ ಮೇಲ್ತೋಳಿನ ಕೀಲನ್ನು ಮೂಲಸ್ಥಾನದಿಂದ ಕೇವಲ ಒಂದು ಅಂಗುಲ ಕೆಳಗಿಳಿಸಿದ್ದರು. ಅದಕ್ಕೆ ಬೇಕಾದುದು ಕೆಲವು ಹೊಸ ತೂತುಗಳು. ಗಾಡಿ ತಿರುವಿನಲ್ಲಿ ವಾಲಿದಾಗ ಹೊರಗಾಲಿಯು ತಾನೂ ವಾಲಿ ಟೈರಿನ ಅಂಚಿನ ಮೇಲೆ ನಿಲ್ಲುವುದರ ಬದಲು, ನೆಲಕ್ಕೆ ಸಪಾಟಾಗಿ ಒತ್ತಿಕೊಂಡಿರುವುದು ಇದರ ಫಲ. ಇದೇ ವಿಚಾರಕ್ಕೆ ಎಚ್ಚರಿಕೆಯ ಮುಖವೂ ಉಂಟು: ತೋಳುಗಳ ವೃತ್ತಗತಿಗೂ ಟೈ ರಾಡಿನ ವೃತ್ತಗತಿಗೂ ಹೊಂದಿಕೆ ತಪ್ಪಿದರೆ, ಚಾಲಕನು ಚಕ್ರ ಅಲುಗಿಸದಿದ್ದರೂ ಪ್ರತಿಯೊಂದು ಗುಂಡಿಗೂ ಗಾಡಿ ತಾನೇ ಪಕ್ಕಕ್ಕೆಳೆಯುವುದು. ಬೇರೊಂದು ಗಾಡಿಯ ಮುಂಭಾಗವನ್ನು ಕತ್ತರಿಸಿ ತಂದು ಬೆಸುಗೆ ಹಾಕುವವರಿಗೆ ಈ ಅಪಾಯ ತಪ್ಪಿದ್ದಲ್ಲ.

5. ಎಲ್ಲಿಯವರೆಗೆ ಬದಲಿಸಬಹುದು?

ಈಗ ಖಟಕ ಚಿಂಚೋಳಿಯ ಹಿರಿಯರ ಪ್ರಶ್ನೆಗೆ ಬರೋಣ. ಮೊದಲು ಕಾಯಿದೆಯ ಮಾತು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದವುಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು; 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. 2021ರ ಕೇಂದ್ರ ನಿಯಮಗಳು ‘ವಿಂಟೇಜ್’ ಗಾಡಿಗಳೆಂಬ ವರ್ಗವನ್ನು ಮಾಡಿ ಅವುಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದುವು. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು. ಚಾಸಿ, ಮೈಕಟ್ಟು, ಇಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರಬೇಕು ಎಂಬುದು ಅವುಗಳ ಲಕ್ಷಣ. ಮೊದಮೊದಲ ಕಾಂಟೆಸ್ಸಾಗಳಿಗೂ ಆ ವಯಸ್ಸು ಬರುವುದು 2034ರ ವೇಳೆಗೆ. ಇಂದು ಚಾಸಿಗೆ ಗರಗಸ ಹಾಕಿದವನು ಅಂದಿನ ಆ ಗೌರವವನ್ನು ಇಂದೇ ಕಳೆದುಕೊಂಡಂತೆ.

ಇತಿಹಾಸದ ದೃಷ್ಟಿಯೂ ಇದೇ ಗೆರೆಯನ್ನು ಎಳೆಯುವುದು. ಸವೆದ ರಬ್ಬರ್ ಬುಷ್, ಬಾಲ್ ಜಾಯಿಂಟ್, ಟೈ ರಾಡಿನ ತುದಿ, ಶಾಕ್ ಅಬ್ಸಾರ್ಬರುಗಳನ್ನು ಹೊಸದಾಗಿ ಹಾಕುವುದು ಸಂರಕ್ಷಣೆಯೇ. ಗುಡಿಯ ಮಾಳಿಗೆಗೆ ಗಾರೆ ಹಾಕಿದಂತೆ. ಮೂಲದ ತೂತುಗಳಿಗೇ ಬೋಲ್ಟು ಹಾಕಿ ಕೂರಿಸುವ, ಬೇಕಾದಾಗ ಬಿಚ್ಚಿ ಹಿಂದಿನದನ್ನು ಮರಳಿ ಕೂರಿಸಬಹುದಾದ ಮಾರ್ಪಾಡು ಎರಡನೆಯ ವರ್ಗದ್ದು. ಕಾಯಿದೆಗೆ ಒಪ್ಪುವುದಾದರೆ, ಪ್ರಾಣರಕ್ಷಣೆಯ ಕಾರಣದಿಂದ ಅದನ್ನು ಸಮರ್ಥಿಸಬಹುದು. ಕತ್ತರಿಸಿ ಬೆಸೆಯುವುದು ಮೂರನೆಯದು. ಶೆಲ್ಬಿಯ ಒಂದು ಅಂಗುಲದ ತೂತು ಕೂಡ ಈ ವರ್ಗದ ಹೊಸ್ತಿಲಲ್ಲಿದೆಯೆಂಬುದನ್ನು ನೆನೆಯಬೇಕು. ಅಂದು ಅದನ್ನು ಮಾಡಿದವರು ಹೊಸ ಗಾಡಿಯ ನಿರ್ಮಾಪಕರು, ನಾವಾದರೋ ಹಳೆಯದರ ಪಾಲಕರು.

ಆ ಗಾಡಿಯನ್ನು ಪಟ್ಟಣದ ಮೇಸ್ತ್ರಿಯೊಬ್ಬರಿಂದ ಪರೀಕ್ಷೆ ಮಾಡಿಸಿದಾಗ ಕಂಡುಬಂದುದು ಇದು: ಬುಷ್‌ಗಳು ಪುಡಿಪುಡಿಯಾಗಿದ್ದುವು, ಒಂದು ಶಾಕ್ ಅಬ್ಸಾರ್ಬರು ಬರಿದಾಗಿತ್ತು, ಹಿಂದೆ ಯಾರೋ ಒಂದು ಕಡೆಯ ಸ್ಪ್ರಿಂಗಿನ ಸುತ್ತನ್ನು ಕತ್ತರಿಸಿದ್ದರು. ಎಂದರೆ, ಮೂಲ ಸಸ್ಪೆನ್ಷನ್ ಕೆಟ್ಟದೆಂದು ಮಗನು ತೀರ್ಮಾನಿಸಿದಾಗ ಅವನು ಮೂಲ ಸಸ್ಪೆನ್ಷನ್ನನ್ನು ಅನುಭವಿಸಿಯೇ ಇರಲಿಲ್ಲ. ತಪ್ಪು ಪ್ರತಿಯನ್ನೋದಿ ಕವಿಯನ್ನು ಹಳಿಯುವ ವಿದ್ಯಾರ್ಥಿಯ ಸ್ಥಿತಿ ಅದು. ಮೊದಲು ಗಾಡಿಯನ್ನು ತಯಾರಕರ ಸ್ಥಿತಿಗೆ ತಂದು, ಕೋನಗಳನ್ನು ರೇಡಿಯಲ್ ಟೈರಿಗೆ ಹೊಂದಿಸಿ, ಕೆಲವು ತಿಂಗಳು ಓಡಿಸಿ, ಆಮೇಲೆ ಮುಂದಿನದನ್ನು ಯೋಚಿಸುವುದೆಂದು ತಂದೆಮಕ್ಕಳಿಬ್ಬರೂ ಒಪ್ಪಿದರು.

ಇಂತಹ ಗಾಡಿಗಳನ್ನುಳ್ಳವರಿಗೆ ಎರಡು ಸೂಚನೆಗಳೊಡನೆ ಲೇಖನವನ್ನು ಮುಗಿಸುತ್ತೇನೆ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಡಿರಿ. ಏನನ್ನು, ಯಾವ ದಿನ, ಯಾವ ಕಾರಣಕ್ಕೆ ಬದಲಿಸಿದಿರೆಂಬುದನ್ನು ಒಂದು ಪುಸ್ತಕದಲ್ಲಿ ಬರೆದು, ಬದಲಿಸುವ ಮುನ್ನ ಛಾಯಾಚಿತ್ರ ತೆಗೆದಿಡಿರಿ. ನಮ್ಮ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ಉಳಿದಿರುವ ಬಂಡಿ, ಟಾಂಗಾ, ಜೀಪು, ಮೋಟಾರುಗಳ ವಿವರವನ್ನು ಇದೇ ರೀತಿ ಬರೆದು ತಂದರೆ, ಬೀದರ ಜಿಲ್ಲೆಯ ಜನರು ಹೇಗೆ ಸಂಚರಿಸಿದರೆಂಬ ಚರಿತ್ರೆಗೆ ಅದು ಆಧಾರವಾದೀತು. ಗಾಡಿ ಅದೇ ಗಾಡಿಯೋ ಎಂಬ ಪ್ರಶ್ನೆಗೆ ಮುಂದಿನವರು ಉತ್ತರ ಹುಡುಕಬೇಕಾದಾಗ, ಆ ಪುಸ್ತಕವೂ ಆ ಚೀಟಿಗಳೂ ಅವರ ಕೈಗೆ ಸಿಗುವಂತಿರಬೇಕು.